ಏಳು ಪೆಟ್ಟಿನ ಹಾಡು

“ಏ ಜೀಶಾನ್, ನಾಕ ಪೆಟ್ಟಿನ ಮ್ಯಾಲ ಹೊಡಿಯೋ! ನಮ್ಮ ಕಾಲು ತಪ್ಪಾಕತ್ತಾವ!”

ಮುಂದೆ ಹೆಗಲು ಕೊಟ್ಟಿದ್ದ ಮಹಾರುದ್ರಪ್ಪ ಕಾಕಾ ಕೂಗಿದರು. ಹೂವಿನ ವಿಮಾನದಲ್ಲಿ ಕೂರಿಸಿದ್ದ ವೀರಭದ್ರನ ಹೆಣ ಎಡಕ್ಕೆ ವಾಲಿತು. ಹಣೆತುಂಬ ವಿಭೂತಿ, ಮುಚ್ಚಿದ ಕಣ್ಣು. ತನ್ನದೇ ಹಾಡಿಗೆ ತಲೆದೂಗಿದ ಹಾಗಿತ್ತು.

“ಕಾಕಾ, ಇದು ಅವನ ಹಾಡ್ರಿ. ಏಳು ಪೆಟ್ಟಿಂದು.”

“ಮನಷ್ಯಾಗ ಕಾಲು ಎರಡ ಅದಾವಲೇ!”

ಬಸವಕಲ್ಯಾಣದ ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜೀಶಾನ್ ಭಜನೆಯವರಿಂದ ಇಸಕೊಂಡ ಹಲಗೆಯನ್ನು ಎದೆಗೊತ್ತಿಕೊಂಡ. ಹಾಡನ್ನು ಒಂದು ಸಲವಾದರೂ ಪೂರಾ ನುಡಿಸಬೇಕು. ಇವತ್ತು ಬಿಟ್ಟರೆ ಮತ್ತೆ ಯಾವತ್ತು?

*

ಅವರ ಬ್ಯಾಂಡಿನಲ್ಲಿ ಇದ್ದವರೇ ಇಬ್ಬರು. ವೀರಭದ್ರನ ರಾಕ್ ಗಿಟಾರು, ಜೀಶಾನನ ಬಾಡಿಗೆ ಹಲಗೆ. ನಡುವೆ ಕವ್ವಾಲಿ, ಭಜನೆ, ಮೊಬೈಲಿನಲ್ಲಿ ಕೇಳಿ ಕದ್ದ ಆಫ್ರಿಕಾದ ತಾಳ. ಹಗಲು ವೀರಭದ್ರ ಹುಮನಾಬಾದಿನ ಕೆಮಿಕಲ್ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸುತ್ತಿದ್ದ.

ಸಿಕ್ಕಿದ್ದು ಒಂದೇ ಕಾರ್ಯಕ್ರಮ, ಘಾಟಬೋರಾಳದ ಮದುವೆ. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೇ ಮದುಮಗನ ಮಾವ ಸ್ಟೇಜಿಗೆ ಬಂದ.

“ತಮ್ಮಾ, ಟೆಸ್ಟಿಂಗ್ ಆತಲ್ಲ? ಇನ್ನ ಹಾಡು ಚಾಲೂ ಮಾಡ್ರಿ.”

“ಮಾವಾರ, ಇದು ಬರೇ ಟೈಟಲ್ ಕಾರ್ಡ್ ರೀ,” ಎಂದ ವೀರಭದ್ರ ಮೈಕಿನಲ್ಲೇ. “ಹೀರೋ ಬರಾಕ ಇನ್ನ ಟೈಮ್ ಅದ.”

ವೈರು ಕಿತ್ತರು. ಊಟ ಮಾತ್ರ ಬಡಿಸಿದರು.

ಬಸ್ಸಿನಲ್ಲಿ ಆ ಮಾವನ ದನಿ ತೆಗೆದು ಊರು ಬರುವ ತನಕ ನಗಿಸಿದ ವೀರಭದ್ರ, ಇಳಿಯುವ ಮೊದಲು ಕಿಟಕಿಯ ಕಡೆ ನೋಡುತ್ತ ಅಂದಿದ್ದ: “ಒಬ್ಬರರ ಕೊನೀತನ ಕೇಳಬೇಕಿತ್ತಲೇ.”

ಆಮೇಲೆ ಅವನಿಗೆ ಕಾಮಾಲೆ ಬಂತು.

*

ವಿಮಾನ ಮತ್ತೆ ವಾಲಿತು. ಹಿಂದೆ ಬರುತ್ತಿದ್ದ ವೀರಭದ್ರನ ತಾಯಿ ಮೀರಾಬಾಯಿ ಓಡಿಬಂದು ಜೀಶಾನನ ತೋಳು ಹಿಡಿದಳು.

“ಬೇಟಾ, ನನ್ನ ಮಗ ಬೀಳ್ತಾನಪಾ.”

ಜೀಶಾನ್ ನಾಲ್ಕಕ್ಕೆ ಇಳಿದ. ಹೊತ್ತವರ ಕಾಲುಗಳು ಕೂಡಿದವು. ಭಜನೆಯವರು ಗೊತ್ತಿದ್ದ ಹಾಡು ಎತ್ತಿಕೊಂಡರು. ವಿಮಾನ ನೆಟ್ಟಗಾಯಿತು.

“ಹಾಂ, ಈಗ ಛಂದಾತು,” ಎಂದರು ಕಾಕಾ.

ಹೊಲದಲ್ಲಿ ಪತ್ರಿ ಹಾಕಿದರು, ಮಣ್ಣು ಕೊಟ್ಟರು. ಭಜನೆಯವರು ತಮ್ಮ ಹಲಗೆ ಇಸಕೊಂಡರು. ಮಂದಿ ಮೈತೊಳೆಯಲು ಮನೆಗೆ ಹೊರಟಿತು. ಜೀಶಾನ್ ಎಲ್ಲರಿಗಿಂತ ಹಿಂದೆ ಉಳಿದು, ಆಮೇಲೆ ಹುಲಸೂರ ರಸ್ತೆಗೆ ಹತ್ತಿದ.

ಬೈಕೊಂದು ಪಕ್ಕದಲ್ಲಿ ನಿಧಾನವಾಯಿತು.

“ಕಾಲಿಗೆ ಏನರ ಆಗ್ಯಾದೇನೋ ತಮ್ಮಾ? ಕೂಡು, ಬಿಡ್ತೀನಿ.”

“ಬ್ಯಾಡ್ರಿ ಅಣ್ಣಾ. ಹಾಡು ಇನ್ನ ಮುಗದಿಲ್ಲ.”

ಬೈಕು ಹೋಯಿತು. ಮೂರು ಹೆಜ್ಜೆ ಬಿರಬಿರನೆ, ಎರಡು ನಿಧಾನ, ಮತ್ತೆರಡು ನಿಧಾನ. ಬಾಯಲ್ಲೇ ಗಿಟಾರು ನುಡಿಸುತ್ತ, ಖಾಲಿ ರಸ್ತೆಯ ನಟ್ಟನಡುವೆ ಜೀಶಾನ್ ಕುಂಟುವವನ ಹಾಗೆ ನಡೆದ.