ತಮ್ಮಯ್ಯನ ಹೆಸರಿನ ಚೀಟಿ

ಅರಕಲಗೂಡಿನ ಪೇಟೆಬೀದಿಯಲ್ಲಿ, ಚನ್ನಪ್ಪನ ಜವಳಿ ಅಂಗಡಿಯ ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು ಕೂರುತ್ತಿದ್ದ ಬಸವರಾಜುವಿಗೆ ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ಗುಂಡಿಯ ಕಾಜಾ ಹೊಲಿಯುತ್ತಿದ್ದವನು ಬಿಳಿ ಅಂಗಿಯ ಮೇಲೆ ರಕ್ತ ಕಂಡು ಕೈಯೆತ್ತಿ ನೋಡಿದ. ಎಡಗೈಯ ಕಿರುಬೆರಳಿನಲ್ಲಿ ಸೂಜಿ ಅರ್ಧ ಇಳಿದಿತ್ತು. ಎಳೆದು ತೆಗೆದಾಗಲೂ ನೋಯಲಿಲ್ಲ. ಮೊಣಕೈ ಹತ್ತಿರ ಅಂಗೈಯಗಲ ಜಾಗ ಬಣ್ಣಗೆಟ್ಟು ಒಂದು ವರ್ಷವಾಗಿತ್ತು. ಅಲ್ಲಿಯೂ ಚುಚ್ಚಿಕೊಂಡು ನೋಡಿದ. ಅಲ್ಲಿಯೂ ಅಷ್ಟೇ.

ಇದು ಸಾವಿರದೊಂಬೈನೂರ ಅರವತ್ತೆರಡರ ಬೇಸಿಗೆಯ ಮಾತು. ಊರ ಗಂಡಸರ ಕುತ್ತಿಗೆ, ಎದೆ, ತೋಳಿನ ಸುತ್ತ ಟೇಪು ಹಿಡಿಯುವ ಕೈ ಅವನದು. ಆ ಕೈಗೆ ಏನೋ ಬಂದಿದೆ ಎಂದು ಒಬ್ಬನಿಗೆ ತಿಳಿದರೂ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ಸರ್ಕಾರಿ ಆಸ್ಪತ್ರೆ ಕೂಗಳತೆಯಲ್ಲೇ ಇತ್ತು, ನಿಜ. ಆದರೆ ಅಲ್ಲಿಯ ಕಾಂಪೌಂಡರನಿಂದ ಹಿಡಿದು ಜವಾನನವರೆಗೆ ಎಲ್ಲರ ಅಂಗಿ ಹೊಲಿದವನು ಅವನೇ. ಆದ್ದರಿಂದ ಕಟ್ಟಾಯದ ಕಡೆಯ ನಾಟಿ ವೈದ್ಯನೊಬ್ಬನನ್ನು ಹುಡುಕಿಕೊಂಡು ಹೋದ. ಅವನು ಕೊಟ್ಟ ಎಣ್ಣೆ ಹಚ್ಚಿ, ಉಪ್ಪು ಹುಳಿ ಬಿಟ್ಟು ಎರಡು ತಿಂಗಳು ಪಥ್ಯ ಮಾಡಿದ. ಬೆರಳು ಒಳಕ್ಕೆ ಬಾಗತೊಡಗಿತು. ಹಾಸನದಲ್ಲಿ ಚರ್ಮದ ಕಾಯಿಲೆಗೆಂದೇ ಒಂದು ದವಾಖಾನೆಯಿದೆ, ಗುರುವಾರ ಒಂಬತ್ತರೊಳಗೆ ಹೋದವರಿಗೆ ಚೀಟಿ ಕೊಡುತ್ತಾರೆ ಎಂದು ಬಸ್ಸಿನಲ್ಲಿ ಯಾರೋ ಆಡಿದ ಮಾತು ಕಿವಿಗೆ ಬಿತ್ತು. ನೂಲು, ಗುಂಡಿ ತರುತ್ತೇನೆಂದು ಹೆಂಡತಿ ಲಕ್ಕಮ್ಮನಿಗೆ ಹೇಳಿ ಹೊರಟ.

ಕಿಟಕಿಯಾಚೆ ಕುಳಿತಿದ್ದ ಗುಮಾಸ್ತ ತಲೆಯೆತ್ತದೆ ಹೆಸರು ಕೇಳಿದ. ಸಾಲಿನಲ್ಲಿ ಪರಿಚಯದವರಿದ್ದಾರೆಯೇ ಎಂದು ಬಸವರಾಜು ಹಿಂದೆ ತಿರುಗಿ ನೋಡಿದ. ಹಿಂದಿನ ದಿನ ಅಂಗಿಗೆ ಅಳತೆ ಕೊಟ್ಟು ಹೋಗಿದ್ದ ಎದುರಂಗಡಿಯ ಹೋಟೆಲಿನವನ ಹೆಸರು ಬಾಯಿಗೆ ಬಂತು.

"ತಮ್ಮಯ್ಯ. ಅರಕಲಗೂಡು, ಪೇಟೆಬೀದಿ" ಎಂದ. ಗುಮಾಸ್ತ ಬರೆದುಕೊಂಡ. ತಿದ್ದಿಸುವುದಕ್ಕೆ ಧೈರ್ಯ ಬರಲಿಲ್ಲ.

ಡಾಕ್ಟರು ಕಣ್ಣು ಮುಚ್ಚಿಸಿ ಹಕ್ಕಿಯ ಗರಿಯಿಂದ ಕೈ ಸವರಿದರು. ಬಿಸಿನೀರಿನ ನಳಿಕೆ, ತಣ್ಣೀರಿನ ನಳಿಕೆ ಒಂದಾದ ಮೇಲೊಂದು ಮುಟ್ಟಿಸಿ ಯಾವುದು ಯಾವುದೆಂದು ಕೇಳಿದರು. ಆಮೇಲೆ ಮೆತ್ತಗೆ, ಇದು ಕುಷ್ಠ, ಈಗಿನ್ನೂ ಶುರು, ಮಾತ್ರೆ ತಪ್ಪಿಸದೆ ನುಂಗಿದರೆ ವಾಸಿಯಾಗುತ್ತದೆ, ಪ್ರತಿ ಗುರುವಾರ ಬರಬೇಕು ಎಂದರು. ಊರಲ್ಲಿ ಜನ ಈ ಕಾಯಿಲೆಯ ಹೆಸರೆತ್ತುತ್ತಿರಲಿಲ್ಲ, ದೊಡ್ರೋಗ ಎನ್ನುತ್ತಿದ್ದರು. ಬಸವರಾಜು ಚೀಟಿಯನ್ನು ಮಡಿಸಿ, ಮಿಷನ್ನಿನ ಎಣ್ಣೆಡಬ್ಬಿಯ ಕೆಳಗೆ ಅವಿತಿಟ್ಟ.

ಹತ್ತು ವಾರ ತಪ್ಪದೆ ಹೋದ. ಗೌರಿಹಬ್ಬ ಬಂತು, ಹೊಲಿಗೆ ರಾಶಿ ಬಿತ್ತು, ಸತತ ಮೂರು ಗುರುವಾರ ತಪ್ಪಿತು. ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ದವಾಖಾನೆಯಿಂದ ಒಬ್ಬರು ಇನ್‌ಸ್ಪೆಕ್ಟರು ಬಸ್ಸಿಳಿದು, ಪೇಟೆಬೀದಿಯ ತಮ್ಮಯ್ಯ ಯಾರೆಂದು ಕೇಳಿಕೊಂಡು ನೇರ ಹೋಟೆಲಿಗೆ ಹೋದರು. ಅವರದು ಒಳ್ಳೆಯ ಮನಸ್ಸೇ. ಮಾತ್ರೆ ಬಿಡಬಾರದು, ಮನೆಯವರನ್ನೂ ಪರೀಕ್ಷೆ ಮಾಡಿಸಬೇಕು ಎಂದು ಮೆಲುದನಿಯಲ್ಲೇ ಹೇಳಿದರು. ಇಡ್ಲಿ ತಿನ್ನುತ್ತಿದ್ದವರಿಗೆ ಇದು ದೊಡ್ರೋಗವೆಂದು ತಿಳಿಯಲು ಅಷ್ಟು ಸಾಕಾಯಿತು. ಯಾವ ಮಾತ್ರೆ, ಎಲ್ಲಿಯ ದವಾಖಾನೆ ಎಂದು ತಮ್ಮಯ್ಯ ಕೇಳಿದಷ್ಟೂ ಜನಕ್ಕೆ ಅವನು ಮುಚ್ಚಿಡುತ್ತಿದ್ದಾನೆ ಅನ್ನಿಸಿತು. ಎರಡೇ ದಿನ, ಹೋಟೆಲಿನ ಬೆಂಚುಗಳು ಖಾಲಿಯಾದವು. ನೀರು ಹೊರುವವಳೂ ಕೊಡ ಇಳಿಸಿ ಹೋದಳು.

ಬಸವರಾಜು ಇದನ್ನೆಲ್ಲ ಮಿಷನ್ ತುಳಿಯುತ್ತಾ ನೋಡಿದ. ತಲೆಯೆತ್ತಿದರೆ ಎದುರಿಗೆ ತಮ್ಮಯ್ಯ ದುಡ್ಡಿನ ಗಲ್ಲಾದ ಮುಂದೆ ಒಬ್ಬನೇ ಕೂತಿರುತ್ತಿದ್ದ. ಬಾಯಿ ಬಿಟ್ಟರೆ ತನ್ನ ಗತಿ ಅದಾಗುತ್ತದೆ. ಬಿಡದಿದ್ದರೆ ದಿನವೂ ಇದನ್ನು ನೋಡಬೇಕು. ಮಿಷನ್ ಹೊತ್ತುಕೊಂಡು ಬೇರೆ ಊರಿಗೆ ಹೋಗೋಣವೆಂದರೆ ಕಾರಣ ಏನು ಹೇಳುವುದು?

ನಾಲ್ಕನೆಯ ದಿನ ತಮ್ಮಯ್ಯನೇ ರಸ್ತೆ ದಾಟಿ ಬಂದ. ಚನ್ನಪ್ಪ ಒಳಕ್ಕೆ ಸರಿದ. ಜಗಲಿಯ ಕೆಳಗೇ ನಿಂತು ತಮ್ಮಯ್ಯ ಹೇಳಿದ. "ಬಸವರಾಜು, ನೀನು ನೂಲು ತರಾಕೆ ಗುರ್ವಾರ ಆಸನಕ್ಕೆ ಓಯ್ತೀಯಲ್ಲ, ನನ್ನೂ ಕರ್ಕೊಂಡೋಗು. ನಂಗೇನಿಲ್ಲ ಅಂತ ಬರುಸ್ಕೊಂಡ್ ಬರ್ಬೇಕು. ಆ ದವಾಖಾನೆ ಎಲ್ಲದೆ ಅಂತ ನಂಗೊತ್ತಿಲ್ಲ. ನನ್ ಜೊತೆ ಯಾರೂ ಬರಾಕಿಲ್ಲ ಅಂತಾರೆ."

ಒಲ್ಲೆನೆಂದರೆ ಯಾಕೆಂದು ಹೇಳಬೇಕು, ಚನ್ನಪ್ಪ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಾನೆ. ಬಸವರಾಜು ಹೂಂ ಅಂದ.

ಗುರುವಾರ ಬಸ್ಸಿನಲ್ಲಿ ಕಂಡಕ್ಟರ್ ಇಬ್ಬರನ್ನೂ ಹಿಂದಿನ ಸೀಟಿಗೆ ಕಳಿಸಿದ. ಬಾಗಿಲ ತನಕ ಬಿಟ್ಟು ಜಾರಿಕೊಳ್ಳಬೇಕೆಂದು ಬಸವರಾಜು ದಾರಿಯುದ್ದಕ್ಕೂ ಯೋಚಿಸಿದ್ದ. ಆದರೆ ದವಾಖಾನೆಯ ಗೇಟು ಕಂಡದ್ದೇ ತಮ್ಮಯ್ಯ ನಿಂತುಬಿಟ್ಟ. ಇವನ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡ. ಅವನ ಹಿಡಿತ ಬಸವರಾಜುವಿನ ಕಣ್ಣಿಗೆ ಕಾಣುತ್ತಿತ್ತು, ಕಿರುಬೆರಳಿಗೆ ತಿಳಿಯುತ್ತಿರಲಿಲ್ಲ. ತಮ್ಮಯ್ಯ ಕಿಟಕಿಯಲ್ಲಿ ತನ್ನ ಹೆಸರು ಹೇಳಿದ. ಗುಮಾಸ್ತ ಹಳೆಯ ಕಾರ್ಡು ಹುಡುಕಿ ಅದನ್ನು ಒಳಗೆ ಕಳಿಸಿದ. ಇಬ್ಬರೂ ಬೆಂಚಿನ ಮೇಲೆ ಕೂತರು.

ಸ್ವಲ್ಪ ಹೊತ್ತಿಗೆ ಕಾಂಪೌಂಡರ್ ಬಾಗಿಲಿಗೆ ಬಂದು ಅರಕಲಗೂಡು ತಮ್ಮಯ್ಯ ಎಂದು ಕೂಗಿದ. ತಮ್ಮಯ್ಯ ಎದ್ದ. ಕಾಂಪೌಂಡರ್ ಅವನನ್ನು ಬಿಟ್ಟು ಬೆಂಚಿನಲ್ಲಿದ್ದ ಬಸವರಾಜುವಿನ ಕಡೆ ನೋಡಿದ.

"ಏನ್ರೀ ತಮ್ಮಯ್ಯ, ಎಷ್ಟು ವಾರ ಆಯ್ತು ಬಂದು? ಹೀಗೆ ಮಾಡಿದ್ರೆ ಆ ಬೆರಳು ಉಳಿಯಲ್ಲ."

ತಮ್ಮಯ್ಯ ತಿರುಗಿ ನೋಡಿದ. ಬಸವರಾಜುವಿನ ಮುಖ, ಆಮೇಲೆ ಅವನ ಕೈ. ಬಹಳ ಹೊತ್ತು ಕೈಯನ್ನೇ ನೋಡಿದ. ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ, ಹೋಟೆಲಿನವನಿಗೆ ಏನೂ ಇಲ್ಲವೆಂದು ಕಾಗದ ಬರೆದುಕೊಟ್ಟರು. ಹೆಸರು ಸುಳ್ಳು ಹೇಳಿದ್ದಕ್ಕೆ ಬಸವರಾಜುವನ್ನು ಗದರಲಿಲ್ಲ. ಹೊಸ ಕಾರ್ಡು ಮಾಡಿಸಿ ಮಾತ್ರೆ ಕೊಟ್ಟರು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ತಮ್ಮಯ್ಯ ಕಾಗದವನ್ನು ಮಡಿಸಿ ಜೇಬಿಗಿಟ್ಟು ಕೇಳಿದ.

"ನನ್ ಎಸ್ರೇ ಯಾಕ್ ಬೇಕಾಗಿತ್ಲಾ ನಿಂಗೆ?"

"ಬಾಯ್ಗೆ ಅದೇ ಬಂದ್ಬುಡ್ತು ಕಣಣ್ಣ."

"ನಾನು ಯಾರ್ಗೂ ಯೋಳಾಕಿಲ್ಲ" ಎಂದ ತಮ್ಮಯ್ಯ. "ಯೋಳುದ್ರೂ ನಂಬಾಕಿಲ್ಲ. ತಾನು ತಪ್ಪುಸ್ಕಳಾಕೆ ಇನ್ನೊಬ್ಬುನ್ ಮ್ಯಾಲಾಕ್ದ ಅಂತಾರೆ. ಯೋಳುದ್ರೆ ನೀನೇ ಯೋಳ್ಬೇಕು."

ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಬಸವರಾಜುವಿಗೆ. ನಾಲ್ಕು ದಿನ ಊಟ ಸೇರಲಿಲ್ಲ. ಕಾಗದವನ್ನು ತಮ್ಮಯ್ಯ ಹೋಟೆಲಿನ ಗೋಡೆಗೆ ಅಂಟಿಸಿದ್ದ. ಯಾರೂ ಒಳಗೆ ಬಂದು ಓದಲಿಲ್ಲ. ಕೊನೆಗೆ ಬಸವರಾಜು ಲಕ್ಕಮ್ಮನ ಮುಂದೆ ಎಲ್ಲ ಹೇಳಿಕೊಂಡ. ಅವಳು ಅವನ ಬೆರಳು ಹಿಡಿದು, ಬಿಡಿಸಿ, ಮತ್ತೆ ಮಡಿಸಿದಳು. "ಅವ್ನಿಗೂ ಎಂಡ್ರು ಮಕ್ಳು ಅವ್ರೆ" ಎಂದಳು.

ಸಂತೆಯ ದಿನ, ಬೀದಿ ತುಂಬಿದ್ದಾಗ, ಬಸವರಾಜು ತಮ್ಮಯ್ಯನ ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಹೇಳಿದ. ಕಾಯಿಲೆ ನನ್ನದು, ಹೆಸರು ಮಾತ್ರ ಇವನದು ಎಂದು ಹೇಳಿ, ಅಂಗಿಯ ತೋಳು ಮಡಿಸಿ ಮಚ್ಚೆ ತೋರಿಸಿದ. ಹತ್ತಿರವಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಮಧ್ಯಾಹ್ನದ ಹೊತ್ತಿಗೆ ಚನ್ನಪ್ಪ, ಮಿಷನ್ ತೆಗೆದುಕೊಂಡು ಹೋಗೆಂದು ದೂರದಿಂದಲೇ ಕೂಗಿ ಹೇಳಿದ. ಎತ್ತುವುದಕ್ಕೆ ಯಾರೂ ಕೈ ಹಾಕಲಿಲ್ಲ. ಗಂಡ ಹೆಂಡತಿ ಇಬ್ಬರೇ, ಐದೈದು ಮಾರಿಗೆ ಇಳಿಸಿ ಸುಧಾರಿಸಿಕೊಳ್ಳುತ್ತಾ ಮನೆ ಸೇರಿಸಿದರು.

ಹೋಟೆಲು ಮತ್ತೆ ತುಂಬಲು ಒಂದು ತಿಂಗಳು ಹಿಡಿಯಿತು. ಬಸವರಾಜುವಿನ ಮನೆಗೆ ಯಾರೂ ಬರಲಿಲ್ಲ. ಅವನು ಮನೆಯೊಳಗೇ ಕೂತು ಲಕ್ಕಮ್ಮನಿಗೆ ಕತ್ತರಿ ಹಿಡಿಯುವುದು, ಮಿಷನ್ ತುಳಿಯುವುದು ಕಲಿಸಿದ. ವರ್ಷದ ಮೇಲೆ ಒಬ್ಬಿಬ್ಬರು ಹೆಂಗಸರು ಹಿತ್ತಿಲ ಬಾಗಿಲಿಗೆ ಬಂದು, ಅವನು ಮುಟ್ಟಬಾರದು ಎಂಬ ಮಾತಿನ ಮೇಲೆ ರವಿಕೆ ಬಟ್ಟೆ ಕೊಟ್ಟರು. ಗುರುವಾರ ಮಾತ್ರ ಅವನು ಹೊರಗೆ ಕಾಲಿಡುತ್ತಿದ್ದ.

ಮೂರು ವರ್ಷದ ಮೇಲೆ ಡಾಕ್ಟರು, ಇನ್ನು ಬರಬೇಕಿಲ್ಲ, ವಾಸಿಯಾಗಿದೆ ಎಂದರು. ಬೆರಳು ಬಾಗಿದ್ದು ಬಾಗಿದಂತೆಯೇ ಉಳಿಯಿತು. ಬಸ್ಸಿಳಿದು ಪೇಟೆಬೀದಿಯಲ್ಲೇ ಬಂದವನು ಯಾಕೋ ಹೋಟೆಲಿನ ಮುಂದೆ ನಿಂತ. ತಮ್ಮಯ್ಯ ಗಲ್ಲಾದಿಂದ ನೋಡಿದ, ಎದ್ದು ಒಳಗೆ ಹೋದ, ಒಂದು ಲೋಟ ಕಾಫಿ ತಂದು ಹೊರಜಗಲಿಯ ಮೇಲಿಟ್ಟು ಮತ್ತೆ ಹೋಗಿ ಕೂತ. ಬಸವರಾಜು ನಿಂತೇ ಕುಡಿದ. ಲೋಟ ತೊಳೆದು ಬೋರಲು ಹಾಕಿದ.

ಮನೆಗೆ ಬಂದು ಲಕ್ಕಮ್ಮನಿಗೆ ಹೇಳಿದ. ಡಾಕ್ಟರ ಮಾತಿಗೆ ಅವಳು ಕಣ್ಣೊರೆಸಿಕೊಂಡಳು. ಕಾಫಿಯ ಮಾತಿಗೆ, "ಅಂತೂ ಕೊಟ್ನಲ್ಲ" ಎಂದಳು.

"ಆಚೆ ಕೊಟ್ಟ" ಎಂದ ಬಸವರಾಜು.

ಲಕ್ಕಮ್ಮ ಹೋಗಿ ಮಿಷನ್ನಿನ ಮುಂದೆ ಕೂತಳು.