ದುರ್ಗದ ನಂಬರು

ಫೋನಿನಲ್ಲಿ ನಲವತ್ತನಾಲ್ಕು ಅಂತ ಇತ್ತು. ಅಂಕಿಯ ಸುತ್ತ ಎಳೆ ಹುಲ್ಲಿನಂಥ ಹಸಿರು. ಕಮಲಮ್ಮ ಹೊಲಿಗೆ ಮಿಷಿನ್ನಿನ ಮೇಲೆ ಒಂದು ಕೈಯೂರಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಉಸಿರು ಎಳೆದುಕೊಳ್ಳಲು ಬಾಯಿ ತೆರೆದಳು. ಎದೆಯೊಳಗೆ ಗುಯ್ ಎಂದಿತು. ಗೋಡೆಯಾಚೆ ಹಾಲೇಶನ ಮಂಡಕ್ಕಿ ಭಟ್ಟಿಗೆ ಆಗಲೇ ಬೆಂಕಿ ಬಿದ್ದಿತ್ತು. ಕಪ್ಪು ಹೊಗೆ ಹೆಂಚಿನ ಸಂದಿಯಿಂದ ಇಳಿದು ಬಂದು, ಅರ್ಧ ಹೊಲಿದಿಟ್ಟ ಜಾಕೀಟಿನ ಮೇಲೆ ಎಳ್ಳುಕಾಳಿನಷ್ಟು ಸಣ್ಣ ಮಸಿ ಉದುರಿಸುತ್ತಿತ್ತು.

"ಗಾಳಿ ಚೆನ್ನಾಗೈತೆ ಅಂತ ತೋರಿಸ್ತೈತೆ ಕಣೇ" ಎಂದಳು, ಕಾಲೇಜಿಗೆ ಹೊರಟಿದ್ದ ಮಗಳಿಗೆ.

ಗಾಳಿ ಹೇಗಿದೆಯೆಂದು ಹೇಳುವ ಆ ಆ್ಯಪನ್ನು ಮೂರು ವಾರದ ಹಿಂದೆ ಫೋನಿಗೆ ಹಾಕಿಕೊಟ್ಟವಳು ಕಾವ್ಯಳೇ. ಹಸಿರಿದ್ದರೆ ಒಳ್ಳೆಯದು, ಹಳದಿಯಾದರೆ ಜೋಪಾನ, ಕೆಂಪಾದರೆ ಬಾಗಿಲು ಹಾಕಿಕೊಂಡು ಒಳಗಿರು ಎಂದು ಹೇಳಿಕೊಟ್ಟಿದ್ದಳು. ಮೂರು ವಾರದಲ್ಲಿ ಒಂದು ದಿನವೂ ಕೆಂಪು ಕಂಡಿರಲಿಲ್ಲ. ಕಮಲಮ್ಮನಿಗೆ ತನ್ನ ಎದೆಯ ಮೇಲೇ ಅನುಮಾನ ಬಂದಿತ್ತು. ಇಷ್ಟು ಒಳ್ಳೆಯ ಗಾಳಿಯಲ್ಲಿ ಏದುಸಿರು ಬಿಡುವ ತಾನೇ ಸುಳ್ಳಿಯೇನೋ ಅನ್ನಿಸಿತ್ತು.

ಕಾವ್ಯ ಬ್ಯಾಗು ಹೆಗಲಿಗೇರಿಸಿಕೊಂಡವಳು ತಿರುಗಿ ಬಂದು ಫೋನು ಇಸಕೊಂಡಳು. ಅಂಕಿಯ ಕೆಳಗೆ ಸಣ್ಣಗೆ ಬರೆದಿದ್ದ ಅಕ್ಷರವನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದಳು.

"ಇದು ದುರ್ಗದ ಗಾಳಿದಮ್ಮ. ಅಳೆಯೋ ಮಿಷಿನ್ನು ಅಲ್ಲೈತೆ. ನಮ್ಮೂರಾಗೆ ಇಲ್ಲ. ಯಾವುದು ಹತ್ರ ಐತೋ ಅದನ್ನ ತೋರಿಸ್ತೈತೆ, ಅಷ್ಟೆ. ನಾನೂ ಇವತ್ತೇ ನೋಡಿದ್ದು."

"ಹಂಗಾದ್ರೆ ನಮ್ಮ ಭರಮಸಾಗರದ್ದು?"

"ನಮ್ಮೂರದ್ದು ಯಾರು ಅಳ್ದಾರೆ? ಭಟ್ಟಿ ಹೊಗೆ ಬಗ್ಗೆ ಪಂಚಾಯ್ತಿಗೆ ಒಂದು ಅರ್ಜಿ ಬರಿಯಾಣ ಅಂದ್ರೆ ನೀನು ಬಿಡಲ್ಲ."

"ಆ ಮಾತು ಎತ್ತಬ್ಯಾಡ. ಬಸ್ಸು ಹೋಗ್ತೈತೆ, ನಡಿ."

ಮಗಳು ಹೋದ ಮೇಲೂ ಕಮಲಮ್ಮ ಆ ಹಸಿರನ್ನೇ ನೋಡುತ್ತ ಕೂತಳು. ಅದು ಒಂದೇ ಒಂದು ದಿನ ಕೆಂಪಾಗಲಿ ಎಂದು ಅವಳು ಮನಸ್ಸಿನಲ್ಲೇ ಹಾರೈಸಿದ್ದುಂಟು. ಕೆಂಪಾದರೆ ಹಾಲೇಶನಿಗೆ ಫೋನು ತೋರಿಸಿದರಾಯಿತು. ತಾನು ಬಾಯಿ ಬಿಡುವ ಕಷ್ಟವಿಲ್ಲ.

ಬಾಯಿ ಬಿಡುವುದು ಹೇಗೆ? ಕೊರೋನಾದ ಎರಡನೇ ಬೇಸಿಗೆಯಲ್ಲಿ ಕಮಲಮ್ಮ ಮಲಗಿದಲ್ಲೇ ನೀಲಿಗಟ್ಟುತ್ತಿದ್ದಾಗ ಆಂಬುಲೆನ್ಸಿಗೆ ಫೋನು ಹೋಗಲಿಲ್ಲ, ಅಕ್ಕಪಕ್ಕದವರು ಹೊಸಿಲು ದಾಟಲಿಲ್ಲ. ಗಂಡ ತೀರಿಹೋಗಿ ಆಗಲೇ ಆರು ವರ್ಷವಾಗಿತ್ತು. ಕಾವ್ಯ ಬೀದಿಯಲ್ಲಿ ನಿಂತು ಅಳುತ್ತಿದ್ದಳು. ಹಾಲೇಶ ಮೂತಿಗೆ ಟವಲು ಸುತ್ತಿಕೊಂಡು ಬಂದವನೇ ಕಮಲಮ್ಮನನ್ನು ಮಗುವಿನಂತೆ ಎತ್ತಿಕೊಂಡು, ಮಂಡಕ್ಕಿ ಚೀಲ ಹೇರುವ ಟೆಂಪೋದಲ್ಲಿ ಖಾಲಿ ಚೀಲ ಹಾಸಿ ಮಲಗಿಸಿಕೊಂಡು ದುರ್ಗಕ್ಕೆ ಹೋಗಿದ್ದ. ಎರಡು ಕಡೆ ಜಾಗವಿಲ್ಲ ಅಂದರು. ಮೂರನೇ ಕಡೆ ಯಾರ ಕಾಲು ಹಿಡಿದನೋ, ಆಕ್ಸಿಜನ್ ಸಿಕ್ಕಿತು. ಎರಡು ದಿನ ಗೇಟಿನ ಹೊರಗೇ ಕೂತಿದ್ದನಂತೆ. ಕಾವ್ಯಳನ್ನು ಅವನ ಹೆಂಡತಿ ಮೀನಾಕ್ಷಿ ಹದಿನೆಂಟು ದಿನ ತನ್ನ ಮಗಳ ಹಾಗೆ ಇಟ್ಟುಕೊಂಡಿದ್ದಳು.

ಜೀವ ಉಳಿಯಿತು. ಎದೆ ಮಾತ್ರ ಮೊದಲಿನ ಹಾಗಾಗಲಿಲ್ಲ. ಆವತ್ತಿನಿಂದ ದೇವರ ಮುಂದೆ ದೀಪ ಹಚ್ಚುವಾಗ ಅವಳ ಬಾಯಲ್ಲಿ ಹಾಲೇಶನ ಮನೆಯವರ ಹೆಸರು ತಪ್ಪಿರಲಿಲ್ಲ. ಎರಡು ವರ್ಷದ ಹಿಂದೆ ಅವನು ಭತ್ತದ ಹೊಟ್ಟಿನ ಜೊತೆಗೆ ಹಳೇ ಟೈರು, ಪ್ಲಾಸ್ಟಿಕ್ಕು ಒಲೆಗೆ ತುರುಕಲು ಶುರು ಮಾಡಿದಾಗಲೂ ತಪ್ಪಲಿಲ್ಲ.

ಕಾವ್ಯ ಫೋನಿನ ವಿಷಯ ಹೇಳಿದ ದಿನ ಸಂಜೆ ಹಾಲೇಶ ಹೆಂಡತಿಯ ಜಾಕೀಟು ಒಯ್ಯಲು ಬಂದ. ಕಮಲಮ್ಮ ಎದ್ದು ನಿಲ್ಲಲು ಹೋಗಿ, ಆಗದೆ, ಬಾಗಿಲ ಚೌಕಟ್ಟು ಹಿಡಿದು ಕುಸಿದಳು.

"ಕುಂತ್ಕಳ್ರಿ, ಕುಂತ್ಕಳ್ರಿ ಕಮಲಕ್ಕ! ಏನಿದು, ಹಿಂಗ್ಯಾಕೆ ಏದುಸ್ರು ಬಿಡ್ತೀರಿ? ಏಳ್ರಿ, ಟೆಂಪೋ ತೆಗೀತೀನಿ. ದುರ್ಗಕ್ಕೆ ಹೋಗಾಣ."

ದಮ್ಮಿನ ಪಂಪು ಬಾಯಿಗೆ ಒತ್ತಿಕೊಂಡು ಅವಳು ಬೇಡವೆಂದು ತಲೆಯಾಡಿಸಿದಳು. ಹಾಲೇಶ ತಾನೇ ಒಳಗೆ ಹೋಗಿ ನೀರು ತಂದ. ಮಿಷಿನ್ನಿನ ಮೇಲೆ ಫೋನು ಬೆಳಗುತ್ತಿತ್ತು. ಎತ್ತಿ ನೋಡಿದ. "ಗಾಳಿ ನೋಡೋದಾ ಇದು? ಹಸಿರು ಐತಲ್ರೀ. ಗಾಳಿ ಚೆನ್ನಾಗೇ ಐತೆ. ನಿಮಗೆ ಬೇರೇನೋ ಆಗೈತೆ. ದೊಡ್ಡ ಡಾಕ್ಟ್ರಿಗೆ ತೋರಿಸಾಣ, ನಾನೇ ಕರ್ಕಂಡ್ ಹೋಗ್ತೀನಿ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವನ ಕೈಯಿಂದ ನೀರಿನ ಲೋಟ ಇಸಕೊಳ್ಳುವಾಗ ಅವನ ಉಗುರ ಸಂದಿಯ ಮಸಿ ಕಂಡಿತು. ತನ್ನನ್ನು ಎತ್ತಿಕೊಂಡು ಹೋದ ಕೈ ಅದು. ಅವಳಿಗೆ ಅಳು ಬಂತು.

"ಅದು ದುರ್ಗದ ನಂಬರು ಕಣಪ್ಪ. ನಮ್ಮೂರದ್ದಲ್ಲ. ನಮ್ಮೂರಾಗೆ ಅಳೆಯೋ ಮಿಷಿನ್ನಿಲ್ಲ. ನಿನ್ನ ಭಟ್ಟಿ ಹೊಗೆ ಅಳೆಯಾಕೆ ಇಲ್ಲಿರೋದು ನನ್ನ ಎದೆ ಒಂದೇ."

ಹಾಲೇಶ ಫೋನನ್ನು ಮೆಲ್ಲಗೆ ಕೆಳಗಿಟ್ಟ. "ಎಷ್ಟು ದಿನದಿಂದ?"

"ಟೈರು ಸುಡಾಕೆ ಹಿಡಿದ್ಯಲ್ಲ, ಆಗಿಂದ."

"ಎರಡು ವರ್ಷ" ಎಂದ ಅವನು. ಜಾಕೀಟನ್ನು ಮರೆತು ಹೊರಟುಹೋದ.

ಮರುದಿನ ಭಟ್ಟಿಗೆ ಬೆಂಕಿ ಬೀಳಲಿಲ್ಲ. ಅದರ ಮರುದಿನವೂ ಇಲ್ಲ. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬಂತು. ಕಮಲಮ್ಮ ಬಹಳ ದಿನದ ಮೇಲೆ ರಾತ್ರಿಯಿಡೀ ನಿದ್ದೆ ಮಾಡಿದಳು. ಆದರೆ ಬೆಳಿಗ್ಗೆ ಎದ್ದವಳೇ ಗೋಡೆಗೆ ಕಿವಿಯಿಟ್ಟು ಭಟ್ಟಿಯ ಸದ್ದಿಗೆ ಕಾಯುತ್ತಿದ್ದಳು. ಮೀನಾಕ್ಷಿ ಈ ಕಡೆ ತಲೆಹಾಕಲಿಲ್ಲ. ಮೂರನೇ ದಿನ, ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುವ ಚಂದ್ರಕ್ಕ ಬಾಗಿಲಿಗೇ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

"ನಾವು ಆರು ಜನ ಹೆಂಗಸ್ರು ಮನ್ಯಾಗೆ ಕುಂತೀವಿ. ನಿಮ್ಮ ದಮ್ಮು ನಮ್ಮ ಹೊಟ್ಟೆ ಮ್ಯಾಲೆ ಬಂತು ನೋಡ್ರಿ" ಎಂದಳು. ಅಷ್ಟು ಹೇಳುವುದರೊಳಗೆ ಅವಳಿಗೇ ಕೆಮ್ಮು ಬಂದು, ಸೆರಗು ಬಾಯಿಗೊತ್ತಿಕೊಂಡು ಹೋದಳು.

ಕಮಲಮ್ಮ ಆ ಮಧ್ಯಾಹ್ನ ಊಟ ಮಾಡಲಿಲ್ಲ. "ಹೇಳಬಾರದಿತ್ತು" ಎಂದು ಮಗಳ ಮುಂದೆ ನಾಲ್ಕು ಸಲ ಅಂದಳು. ಅರ್ಜಿ ಅರ್ಜಿ ಎನ್ನುತ್ತಿದ್ದ ಕಾವ್ಯ ತಟ್ಟೆಗೆ ಅನ್ನ ಬಡಿಸಿ ಅವಳ ಮುಂದಿಟ್ಟಳು.

ಆರನೇ ದಿನ ಹಾಲೇಶ ಬಂದ. ಈ ಸಲ ಮೀನಾಕ್ಷಿಯೂ ಜೊತೆಗಿದ್ದಳು. ಅವನ ಮುಖ ಗಂಟಿಕ್ಕಿಕೊಂಡೇ ಇತ್ತು.

"ತಪ್ಪಾತಪ್ಪ" ಎಂದು ಕಮಲಮ್ಮನೇ ಶುರು ಮಾಡಿದಳು. "ನೀನು ಮಾಡಿದ್ದು ಮರೆತು ಮಾತಾಡಿಬಿಟ್ಟೆ. ಭಟ್ಟಿ ಹಚ್ಚಪ್ಪ. ಆರು ಮನೆ ಉಣ್ಣೋದು ಅದರಾಗೆ."

"ನನಗೆ ಸಿಟ್ಟು ಬಂದಿರೋದು ಅದಕ್ಕಲ್ಲ ಕಮಲಕ್ಕ" ಎಂದ ಹಾಲೇಶ. "ಎರಡು ವರ್ಷ ಹೇಳ್ಲಿಲ್ಲವಲ್ರೀ, ಅದಕ್ಕೆ. ನಿಮ್ಮನ್ನ ಟೆಂಪೋದಾಗೆ ಹಾಕ್ಕಂಡು ಹೋದೋನು, ಹೊಗೆ ಆಗ್ತೈತೆ ಅಂದ್ರೆ ಜಗಳಕ್ಕೆ ಬರ್ತಾನೆ ಅಂದ್ಕಂಡ್ರಾ? ನನ್ನ ಏನಂತ ತಿಳ್ಕಂಡ್ರಿ?"

ಕಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೀನಾಕ್ಷಿ ಬಂದು ಪಕ್ಕದಲ್ಲಿ ಕೂತು, "ಇವರು ಐದು ದಿನದಿಂದ ಹಿಂಗೇ ಆಡ್ತಾರೆ ಅಕ್ಕ. ದಾವಣಗೆರೆಗೆ ಹೋಗಿ ಎಲ್ಲರ ಭಟ್ಟಿ ನೋಡ್ಕಂಡು ಬಂದಾರೆ" ಎಂದಳು.

ಹಾಲೇಶ ಮೂಗೊರೆಸಿಕೊಂಡು ಕೆಲಸದ ಮಾತಿಗೆ ಬಂದ. ಟೈರು, ಪ್ಲಾಸ್ಟಿಕ್ಕು ಇನ್ನಿಲ್ಲ, ಬರೀ ಭತ್ತದ ಹೊಟ್ಟು. ತಗಡಿನ ಚಿಮಣಿ ಮೂವತ್ತಡಿ ಏರಿಸುವುದು. ಒಲೆಯ ಹತ್ತಿರ ಕೆಲಸ ಮಾಡುವವರಿಗೆ ಗೋಡೆ ಒಡೆದು ಎರಡು ಕಿಟಕಿ. "ಚಂದ್ರಕ್ಕ ಕೆಮ್ಮೋದು ದಿನಾ ಕೇಳ್ತಿದ್ದೆ" ಎಂದ, ನೆಲ ನೋಡುತ್ತ. "ಬೀಡಿ ಸೇದ್ತಾಳೇನೋ ಅಂತ ತಮಾಷೆ ಮಾಡ್ತಿದ್ದೆ."

ಮುಂದಿನ ಸೋಮವಾರ ಚಿಮಣಿ ಏರಿತು, ಭಟ್ಟಿಗೆ ಮತ್ತೆ ಬೆಂಕಿ ಬಿತ್ತು. ಹೊಗೆ ಪೂರ್ತಿ ನಿಂತಿತೆಂದಲ್ಲ. ಮೋಡ ಕವಿದ ದಿನ ಸ್ವಲ್ಪ ಕೆಳಗೆ ಇಳಿಯುತ್ತಿತ್ತು, ಕಮಲಮ್ಮನ ಪಂಪು ಮಿಷಿನ್ನಿನ ಪಕ್ಕದಲ್ಲೇ ಇರುತ್ತಿತ್ತು. ಆದರೆ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯತೊಡಗಿತು. ಬೆಳಗಿನ ಹೊತ್ತು ಹೊಸಿಲಲ್ಲಿ ನಿಂತು ಹೂವಿನ ಗಿಡಕ್ಕೆ ನೀರು ಹಾಕುವಷ್ಟು ಉಸಿರು ಬಂತು.

ಒಂದು ವಾರದ ಮೇಲೆ, ಬಿಸಿಲೇರುವ ಹೊತ್ತಿಗೆ, ಅವಳು ಶುಂಠಿ ಕೊತ್ತಂಬರಿ ಹಾಕಿದ ಮಜ್ಜಿಗೆಯನ್ನು ಕೊಡದಲ್ಲಿ ತುಂಬಿಕೊಂಡು ಭಟ್ಟಿಯ ಅಂಗಳಕ್ಕೆ ಹೋದಳು. ಹೆಂಗಸರು ಬೇವಿನ ನೆರಳಲ್ಲಿ ಚೀಲದ ಮೇಲೆ ಕೂತು ಜರಡಿ ಹಿಡಿಯುತ್ತಿದ್ದರು. ಅವಳನ್ನು ಕಂಡು ಒಬ್ಬೊಬ್ಬರದೇ ಜರಡಿ ನಿಂತಿತು. ಕಮಲಮ್ಮ ಕೊಡ ಇಳಿಸಿ ನಿಂತಳು. ಚಂದ್ರಕ್ಕ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಜರಡಿಯನ್ನು ಎರಡು ಸಲ ಆಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಒಂದಿಷ್ಟು ಆಚೆ ಸರಿದು, ಚೀಲದ ಮೇಲೆ ಬಿದ್ದಿದ್ದ ಮಂಡಕ್ಕಿಯನ್ನು ಅಂಗೈಯಿಂದ ಗುಡಿಸಿ, ಅವಳಿಗೆ ಜಾಗ ಮಾಡಿದಳು.