ರಟ್ಟಿನ ಒಳಗಿನ ಚೀಟಿ

ಎಸಿಯ ಗಾಳಿ ನೇರ ಕತ್ತಿನ ಹಿಂದಕ್ಕೇ ಬೀಳುತ್ತಿದೆ, ಹೊರಗಿನ ಸೆಕೆಯ ಮೇಲೆ ಈ ಊರಿನವರಿಗೆ ಅದೇನು ಹಗೆಯೋ, ಅಕ್ಕ ಒಂದು ಸ್ವೆಟರ್ ಇಟ್ಕೋ, ಫಂಕ್ಷನ್ ಹಾಲಲ್ಲಿ ಚಳಿ ಚಳಿ ಅನ್ಸತ್ತೆ ಅಂತ ಬ್ಯೂನಾ ವಿಸ್ಟಾದ ಮನೆಯಿಂದ ಹೊರಡುವಾಗಲೇ ತಂಗಿ ವೇದಾವತಿ ಹೇಳಿದ್ದಳು, ಬೇಡ ಕಣೇ ಎಂದುಬಿಟ್ಟಿದ್ದಳು ಅನಸೂಯ, ಸ್ವೆಟರ್ ಎಂಬ ಮಾತು ಕೇಳಿದರೇ ಸಾಕು — ಹಸಿರು ಸ್ವೆಟರು, ತೊಡೆಯ ಮೇಲೆ ಮಡಿಸಿಟ್ಟದ್ದು, ತೋಳೆರಡೂ ಒಳಕ್ಕೆ ಮಡಚಿದ್ದು — ಬೇಡ, ಈಗ ಅದು ಬೇಡ. ತಂಗಿ ನೆಲೆಸಿದ ಈ ಪರದೇಶದ ಊರಲ್ಲಿ, ಬೆಡೋಕಿನ ಸಭಾಂಗಣದಲ್ಲಿ ಇನ್ನೂರು ಕನ್ನಡಿಗರು, ಮೊದಲ ಸಾಲಿನಲ್ಲಿ ಅವಳು, ಪಕ್ಕದಲ್ಲಿ ತಂಗಿಯ ಮಗಳು ರಿಷಿಕಾ ಕಾಲು ಆಡಿಸುತ್ತಾ, ವೇದಿಕೆಯ ಮೇಲೆ ಸಂಘದ ದ್ವಾರಕನಾಥ್ ಮೈಕು ಹಿಡಿದು, ಚಾಮರಾಜಪೇಟೆ ಹುಡುಗಿ ಸಾರ್, ಬೆಂಗ್ಳೂರಲ್ಲಿ ಲಾ ಓದಿ ಅಮೆರಿಕಕ್ಕೆ ಹೋಗಿ ಇವತ್ತು ಒಂದು ರಾಜ್ಯಕ್ಕೇ ಅಟಾರ್ನಿ ಜನರಲ್, ಅಂದ್ರೆ ಇಡೀ ಸರ್ಕಾರದ ಲಾಯರ್, ಜನ ಎರಡು ಸಲ ವೋಟ್ ಹಾಕಿ ಗೆಲ್ಲಿಸಿದಾರೆ, ನೆಕ್ಸ್ಟ್ ಇಯರ್ ಎಲೆಕ್ಷನ್ ಗೆದ್ದು ಗವರ್ನರ್ ಆಗೋರು — ಆಗುವವರು, ಆಗಬಹುದು, ಫೋನಿಗೆ ಬಂದ ಪ್ರಶ್ನೆಗೆ ಒಂದು ಹೂಂ ಎಂದರೆ ಸಾಕು.

ಮಡಿಲಲ್ಲಿ ಫೋನು. ಅಮೆರಿಕದಲ್ಲಿ ಈಗ ಬೆಳಗಿನ ಆರು, ಕೈಕೆಳಗಿನ ಕ್ಯಾರೊಲ್ ಆಗಲೇ ಆಫೀಸಿಗೆ ಬಂದು ಮೆಸೇಜು ಕಳಿಸಿದ್ದಾಳೆ, ಇಪ್ಪತ್ತು ವರ್ಷದಿಂದ ಜೈಲಿನಲ್ಲಿರುವ ಕರ್ಟಿಸ್‌ನ ಬಿಡುಗಡೆ ಅರ್ಜಿಗೆ ನಮ್ಮ ವಿರೋಧದ ಉತ್ತರ ಇವತ್ತು ಕೋರ್ಟಿಗೆ ಹೋಗಬೇಕು, ಹಳೆಯ ಫೈಲು ಸ್ಕ್ಯಾನ್ ಮಾಡುವಾಗ ರಟ್ಟಿನ ಒಳಬದಿಗೆ ಅಂಟಿಸಿದ್ದ ಹಳದಿ ಚೀಟಿ ಸಿಕ್ಕಿತು, ಫೋಟೋ ನೋಡಿ, ನಿಮ್ಮ ಭಾಷೆ ಅಂತ ಕಾಣುತ್ತದೆ, ಇಲ್ಲಿ ಯಾರಿಗೂ ಓದಲು ಬರದು, ದಿನಸಿ ಪಟ್ಟಿ ತಾನೇ, ಹೌದಾದರೆ ಪಕ್ಕಕ್ಕಿಡುತ್ತೇನೆ. ದಿನಸಿ ಪಟ್ಟಿಯೇ, ಇನ್ನೇನು, ಅರ್ಧ ಕೆಜಿ ಬೇಳೆ ಎಂದರೆ ಆ ಇಡೀ ಆಫೀಸು ನಂಬುತ್ತದೆ. ತೊಂಬತ್ತೇಳನೇ ಇಸವಿ, ಅವಳಿನ್ನೂ ಕಿರಿಯ ಸರ್ಕಾರಿ ವಕೀಲೆ, ಫೋನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಬರೆಯುವಾಗ ಕೈ ತಾನಾಗಿ ಕನ್ನಡಕ್ಕೆ ತಿರುಗುತ್ತಿತ್ತು, ಕಾಲೇಜಿನಿಂದ ಬಂದ ಚಾಳಿ, ಆಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದರಾಯಿತು ಅಂತ ಚೀಟಿಯನ್ನು ರಟ್ಟಿಗೆ ಅಂಟಿಸುವುದು, ಅದನ್ನು ಮರೆಯುವುದು. ಕಾನೂನಿನ ಪ್ರಕಾರ ಆರೋಪಿಯ ವಕೀಲನಿಗೆ ಕೊಡಲೆಂದು ಗುಮಾಸ್ತೆ ಹಾಳೆಗಳನ್ನೆಲ್ಲ ಜೆರಾಕ್ಸ್ ಮಾಡಿದಳು, ರಟ್ಟನ್ನು ಯಾರು ಜೆರಾಕ್ಸ್ ಮಾಡುತ್ತಾರೆ, ಅಲ್ಲಿಯವರೆಗೆ ಅದು ಬರೀ ಮರೆವು, ದೇವರಾಣೆ ಮರೆವು. ತೀರ್ಪು ಬಂದ ಸಂಜೆ ಫೈಲು ಕಟ್ಟುವಾಗ ರಟ್ಟು ತೆರೆದುಕೊಂಡಿತ್ತು, ಓದಿದಳು, ಮುಚ್ಚಿದಳು, ದಾರ ಬಿಗಿದಳು. ಅದು ಮರೆವಲ್ಲ. ಅಂಗಡಿ ದರೋಡೆಯಲ್ಲಿ ಒಬ್ಬ ಮುದುಕ ಸತ್ತಿದ್ದ, ಊರಿಗೆ ಒಬ್ಬ ಅಪರಾಧಿ ಬೇಕಿತ್ತು, ಅವಳಿಗೆ ಒಂದು ಗೆಲುವು, ಆ ಗೆಲುವಿನಿಂದ ಬಡ್ತಿ, ಬಡ್ತಿಯಿಂದ ಹೆಸರು, ಹೆಸರಿನಿಂದ ಪೋಸ್ಟರಿನ ಮೇಲೆ ಮುಖ — ಇವರು ಒಂದು ಕೇಸೂ ಸೋತಿಲ್ಲವಂತೆ ಎನ್ನುತ್ತಿದ್ದಾನೆ ದ್ವಾರಕನಾಥ್, ಚಪ್ಪಾಳೆ, ಎಸಿ, ಆ ಕೋರ್ಟಿನಲ್ಲೂ ಹೀಗೇ ಚಳಿ, ಹತ್ತೊಂಬತ್ತರ ಹುಡುಗ ಕರ್ಟಿಸ್ ತೆಳು ಅಂಗಿಯಲ್ಲಿ ನಡುಗುತ್ತಿದ್ದ, ಮೂರನೇ ಬೆಂಚಿನಲ್ಲಿ ಅವನ ತಾಯಿ ದಿನವೂ ಆ ಹಸಿರು ಸ್ವೆಟರು ತಂದು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು, ಪೊಲೀಸರು ಕೊಡಲು ಬಿಡುತ್ತಿರಲಿಲ್ಲ, ಸಂಜೆ ಹಾಗೇ ವಾಪಸು ಒಯ್ಯುತ್ತಿದ್ದಳು. ತೀರ್ಪಿನ ದಿನ ಕಾರಿಡಾರಿನಲ್ಲಿ ಅಡ್ಡ ಬಂದಳು, ಶಾಪ ಹಾಕುತ್ತಾಳೆ ಅಂದುಕೊಂಡರೆ, ನೀವು ಕೊಟ್ಟರೆ ಪೊಲೀಸರು ತಗೋತಾರೆ ಮೇಡಂ, ಅವನಿಗೆ ಚಳಿ ತಡೆಯೋಕಾಗಲ್ಲ. ಅದಕ್ಕೆ ಅವಕಾಶ ಇಲ್ಲ ಎಂದಿದ್ದಳು ಅನಸೂಯ, ಎಷ್ಟು ಸಭ್ಯವಾಗಿ ಎಂದಿದ್ದಳು.

ದೊಡ್ಡಮ್ಮ, ಇದು ಕನ್ನಡ. ರಿಷಿಕಾ ಯಾವಾಗ ಬಗ್ಗಿ ನೋಡಿದಳೋ, ಬೆರಳು ಆಗಲೇ ಪರದೆಯ ಮೇಲಿದೆ, ಫೋನು ಮುಚ್ಚಬೇಕು, ಕೈ ಏಳುತ್ತಿಲ್ಲ, ಇರಿ ಇರಿ, ನಾನೇ ಓದ್ತೀನಿ, ಸಂಡೇ ಕ್ಲಾಸಲ್ಲಿ ಒತ್ತಕ್ಷರ ಎಲ್ಲ ಮುಗೀತು, ಹು, ಹುಡುಗ, ಒಂ, ಒಂಬತ್ತರ, ವರೆಗೆ, ಇಲ್ಲೇ ಇದ್ದ, ಪಾ, ಪಾತ್ರೆ ತೊಳೀತಿದ್ದ, ಹೋಟ್ಲು, ಓ, ಹೋಟ್ಲು ಓನರ್. ಇಪ್ಪತ್ತು ವರ್ಷ ಒಬ್ಬರೂ ಓದದ ಸಾಲು ಒಂದು ಮಗುವಿನ ಬಾಯಲ್ಲಿ ಎಷ್ಟು ಸಲೀಸು, ದರೋಡೆ ನಡೆದದ್ದು ಎಂಟಕ್ಕೆ, ಎಂಟಕ್ಕೆ ಆ ಹುಡುಗನ ಕೈ ಸೋಪಿನ ನೀರಿನಲ್ಲಿತ್ತು. ಯಾವ ಹುಡುಗ ದೊಡ್ಡಮ್ಮ? ಈಗ ಎಲ್ಲಿದ್ದಾನೆ?

ವೇದಿಕೆಗೆ ಬನ್ನಿ ಮೇಡಂ, ಒಂದು ನಿಮಿಷ ದ್ವಾರಕನಾಥ್, ಬಾಗಿಲು ದಾಟಿದ್ದೇ ಮುಖಕ್ಕೆ ಬಡಿದ ಸೆಕೆ, ಕಿವಿಗೆ ಫೋನು, ಕ್ಯಾರೊಲ್, ಬರೆದುಕೋ, ದಿನಸಿ ಪಟ್ಟಿ ಅಲ್ಲ, ಒಂದೊಂದೇ ಪದ ಹೇಳುತ್ತೇನೆ, ಬರೆದದ್ದು ನಾನು, ಫೈಲು ಕಟ್ಟುವ ದಿನ ಓದಿ ಮುಚ್ಚಿದ್ದೂ ನಾನು, ಅದನ್ನೂ ಸೇರಿಸು, ಅರ್ಜಿಯನ್ನು ವಿರೋಧಿಸಬೇಡ. ಆ ಕಡೆಯಿಂದ ಕ್ಯಾರೊಲ್‌ಳ ಸಣ್ಣ ದನಿ, ನಿಮ್ಮ ಚುನಾವಣೆ? ಬರೆದುಕೊಂಡೆಯಾ ಎಂದಳು ಅನಸೂಯ, ಭಯವಾಗುತ್ತಿತ್ತು, ಹಗುರವೇನೂ ಅನ್ನಿಸಲಿಲ್ಲ. ಮತ್ತೆ ಚಳಿ, ಮೆಟ್ಟಿಲು, ಹಾರ, ಹಣ್ಣಿನ ತಟ್ಟೆ, ದ್ವಾರಕನಾಥ್ ಶಾಲು ಬಿಡಿಸಿ ಹೆಗಲಿಗೆ ಹೊದಿಸುತ್ತಿದ್ದಾನೆ, ಬೆಚ್ಚಗಿದೆ, ಇಷ್ಟು ಬೆಚ್ಚಗಿರಬಾರದು, ಆ ಹುಡುಗನಿಗೀಗ ಮೂವತ್ತೊಂಬತ್ತು, ಆ ತಾಯಿ ಇದ್ದಾಳೋ ಇಲ್ಲವೋ, ಇದ್ದರೆ ಅವನು ಬಿಡುಗಡೆಯಾಗುವ ದಿನ ಜೈಲಿನ ಬಾಗಿಲಿಗೆ ಬರುತ್ತಾಳೆ, ಅದನ್ನೇ ತರುತ್ತಾಳೆ, ಹತ್ತೊಂಬತ್ತರ ಹುಡುಗನ ಅಳತೆಯದು, ಹಸಿರು ಸ್ವೆಟರು, ತೋಳೆರಡೂ ಒಳಕ್ಕೆ ಮಡಚಿದ್ದು